ಅಂಗೈ ನೆಲಕ್ಕೆ, ಅಂಗಾಲು ಆಕಾಶಕ್ಕೆ
ಬಂಡೆ ಏರುವವರು ಕೈಗಳ ಮೇಲೆ ನಿಲ್ಲಲು ಏಕೆ ಕಲಿಯಬೇಕು?

ದೊಡ್ಡಬಳ್ಳಾಪುರವನ್ನು ಬಿಟ್ಟು ಗೌರಿಬಿದನೂರಿನ ಕಡೆಗೆ ಹೊರಟ ರೈಲು ಕೆಲವು ಮೈಲಿ ಸಾಗುವುದರೊಳಗಾಗಿ ಬಯಲು ಮುಗಿದು ಹಳಿಯ ಇಕ್ಕೆಲಗಳಲ್ಲಿಯೂ ಗುಡ್ಡಗಳು ಎದ್ದು ನಿಲ್ಲುತ್ತವೆ. ಅವುಗಳ ನಡುವೆ ಪಾಳುಕೋಟೆಯನ್ನು ನೆತ್ತಿಯ ಮೇಲೆ ಹೊತ್ತು ನಿಂತಿರುವುದೇ ಮಾಕಳಿದುರ್ಗ. ತುದಿಯಲ್ಲಿ ಈಶ್ವರನ ಗುಡಿ. ಅದರ ಮುಂದೆ ಬಸವಣ್ಣ. ಬೆಂಗಳೂರಿನಿಂದ ಸುಮಾರು ೬೦ ಕಿಲೋಮೀಟರು ದೂರವಾದ ಕಾರಣ, ಭಾನುವಾರ ಬಂತೆಂದರೆ ಅರಣ್ಯ ಇಲಾಖೆಯ ಅನುಮತಿಚೀಟಿ ಹಿಡಿದು ಬರುವ ಪಟ್ಟಣದ ತರುಣ ತರುಣಿಯರಿಗೆ ಅಲ್ಲಿ ಕೊರತೆಯಿಲ್ಲ.

ಕಳೆದ ಚಳಿಗಾಲದ ಒಂದು ಬೆಳಗ್ಗೆ ಬೆಟ್ಟದ ಬುಡದಲ್ಲಿ ನಾನು ಕಂಡ ನೋಟ ಮಾತ್ರ ವಿಚಿತ್ರವಾಗಿತ್ತು. ಮನೆಯೆತ್ತರದ ಗುಂಡೊಂದರ ಪಕ್ಕದಲ್ಲಿ ಐದಾರು ಮಂದಿ ಹುಡುಗ ಹುಡುಗಿಯರು ಕಂಬಳಿ ಹಾಸಿಕೊಂಡು, ಅಂಗೈಗಳನ್ನು ನೆಲಕ್ಕೂರಿ, ಕಾಲುಗಳನ್ನು ಆಕಾಶಕ್ಕೆ ಎತ್ತಿ ಒಬ್ಬರಾದ ಮೇಲೊಬ್ಬರು ತಲೆಕೆಳಗಾಗಿ ನಿಲ್ಲುತ್ತಿದ್ದರು. ಕುರಿಮಂದೆಯನ್ನು ಹೊಡೆದುಕೊಂಡು ಅತ್ತಲಾಗಿ ಬಂದ ಮುದುಕರೊಬ್ಬರು ಕೋಲೂರಿ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಬೆಟ್ಟ ಹತ್ತೋಕೆ ಬಂದೋರು ಕಾಲು ಮೇಲೆ ಮಾಡ್ಕೊಂಡು ನಿಂತವ್ರಲ್ಲ ಸ್ವಾಮಿ, ಇವರು ಹತ್ತೋದು ಯಾವಾಗ?" ಎಂದು ಕೇಳಿದರು.

ಪ್ರಶ್ನೆ ನ್ಯಾಯವಾದದ್ದೇ. ಆ ತಲೆಕೆಳಗಿನ ಗುಂಪಿನಲ್ಲಿ ನನ್ನ ತಂಗಿಯ ಮಗನೂ ಇದ್ದುದರಿಂದ ಉತ್ತರ ಹುಡುಕುವ ಹೊಣೆ ನನ್ನ ಮೇಲೆಯೇ ಬಿತ್ತು. ಇಷ್ಟಕ್ಕೂ, ಅವನು ಬಂಡೆ ಏರುವುದಕ್ಕೆ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಅಡ್ಡಿ ಹೇಳಿದವನು ನಾನೇ. ಅದಕ್ಕೊಂದು ಕಾರಣವಿತ್ತು.

ಅಣ್ಣ ಬಿದ್ದ ಬಂಡೆ

ನಮ್ಮದು ದೊಡ್ಡಬಳ್ಳಾಪುರದ ನೇಕಾರರ ಮನೆ. ನಮ್ಮ ತಂದೆಯವರ ಕಾಲಕ್ಕೆ ಮನೆಯಲ್ಲಿ ಎರಡು ಕೈಮಗ್ಗಗಳಿದ್ದವು. ೧೯೭೪ರ ಬೇಸಿಗೆ ರಜೆಯಲ್ಲಿ, ಹದಿನಾಲ್ಕು ವರ್ಷದ ನಮ್ಮಣ್ಣ ಗೆಳೆಯರೊಡನೆ ಊರಾಚೆಯ ಗುಡ್ಡಕ್ಕೆ ಹೋಗಿ ಅಲ್ಲಿಯ ಬಂಡೆಯೊಂದನ್ನು ಹತ್ತಲು ಹೊರಟ. ಎರಡಾಳೆತ್ತರವನ್ನು ಕೋತಿಯಂತೆ ಸರಸರನೆ ಏರಿದ. ಮೇಲಿನ ಅಂಚು ಎರಡು ಕೈಗಳಿಗೂ ಸಿಕ್ಕಿತು. ಗಲ್ಲದವರೆಗೂ ತನ್ನನ್ನು ಎಳೆದುಕೊಂಡ. ಅಲ್ಲಿಗೆ ಅವನ ವಿದ್ಯೆ ಮುಗಿಯಿತು. ಅಂಚಿನ ಮೇಲೆ ಮೈಯನ್ನು ಎತ್ತಿ ಹಾಕುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಕೆಳಗಿಳಿಯಲು ಕಾಲಿಗೆ ಹಿಡಿ ಸಿಗಲಿಲ್ಲ. ಕೈ ಸೋಲುವವರೆಗೂ ಜೋತಾಡಿ ಕೊನೆಗೆ ಬಿದ್ದ.

ಬಲಗೈಯ ಮೊಣಕೈ ಮುರಿದಿತ್ತು. ಮೂಳೆ ಕೂಡಿತಾದರೂ ಕೈ ನೆಟ್ಟಗಾಗಲಿಲ್ಲ. ಲಾಳಿಯ ಹಗ್ಗ ಸೆಳೆಯುವ ಕೈ ಅದು. ಮಗ್ಗದ ಮೇಲೆ ಕುಳಿತುಕೊಳ್ಳಬೇಕಾಗಿದ್ದ ಹಿರಿಯ ಮಗ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನಾದ. ಅಂದಿನಿಂದ ನಮ್ಮ ಮನೆಯಲ್ಲಿ ಬಂಡೆಯ ಮಾತು ಎತ್ತುವಂತಿರಲಿಲ್ಲ. ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ತಂಗಿಯ ಮಗ ವಾರಕ್ಕೆ ಮೂರು ಸಂಜೆ ಏರುಗೋಡೆಗೆ ಹೋಗುತ್ತಾನೆಂದು ತಿಳಿದಾಗ ನಮ್ಮ ತಾಯಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಎಳೆಯುವ ಕೈ, ನೂಕುವ ಕೈ

ನಾವು ಭಯಪಟ್ಟಂತೆ ಅವನು ಬೀಳಲಿಲ್ಲ. ಆದರೆ ಎರಡು ವರ್ಷ ತುಂಬುವುದರೊಳಗೆ ಭುಜ ಹಿಡಿದುಕೊಂಡಿತು. ತಲೆಯ ಮೇಲಿನ ಅಟ್ಟದಿಂದ ಒಂದು ಡಬ್ಬಿ ಇಳಿಸಬೇಕಾದರೂ ಮುಖ ಕಿವುಚುತ್ತಿದ್ದ. ಅಂಗಸಾಧನೆಯ ಚಿಕಿತ್ಸೆ ಬಲ್ಲ ವೈದ್ಯರೊಬ್ಬರು ಅವನ ಬೆನ್ನನ್ನೂ ಹೆಗಲನ್ನೂ ಪರೀಕ್ಷಿಸಿ, "ನೀವು ಎಳೆಯುವುದನ್ನು ಮಾತ್ರ ಕಲಿತಿದ್ದೀರಿ, ನೂಕುವುದನ್ನು ಕಲಿತಿಲ್ಲ" ಎಂದರಂತೆ. ಈ ಒಂದು ಮಾತಿನಲ್ಲಿಯೇ ನಮ್ಮ ವಿಷಯದ ತಿರುಳು ಅಡಗಿದೆ.

ಗೋಡೆ ಏರುವವನು ಏನು ಮಾಡುತ್ತಾನೆ? ಮೇಲಿನ ಹಿಡಿಯನ್ನು ಬೆರಳುಗಳಿಂದ ಕಚ್ಚಿ ಹಿಡಿದು ತನ್ನನ್ನು ಅದರತ್ತ ಎಳೆದುಕೊಳ್ಳುತ್ತಾನೆ. ಬೆನ್ನಿನ ಅಗಲವಾದ ಸ್ನಾಯುಗಳು, ತೋಳಿನ ಮುಂಭಾಗ, ಮುಂಗೈಯ ಒಳಭಾಗ—ಇವು ದಿನದಿನಕ್ಕೆ ಬಲಿಯುತ್ತವೆ, ಬಿಗಿಯುತ್ತವೆ. ಇವುಗಳಿಗೆ ಎದುರಾಳಿಗಳಾದ ತೋಳಿನ ಹಿಂಭಾಗ, ಹೆಗಲಿನ ತುದಿ, ಪಕ್ಕೆಲುಬುಗಳ ಮೇಲೆ ಗರಗಸದ ಹಲ್ಲಿನಂತೆ ಕಾಣುವ ಸ್ನಾಯು—ಇವಕ್ಕೆ ಅಷ್ಟು ಕೆಲಸವೇ ಇರುವುದಿಲ್ಲ. ಜೋಡೆತ್ತಿನ ಬಂಡಿಯಲ್ಲಿ ಒಂದು ಎತ್ತು ಮಾತ್ರ ಮೇದು ಕೊಬ್ಬಿದರೆ ನೊಗ ಓರೆಯಾಗುವಂತೆ, ಕ್ರಮೇಣ ಹೆಗಲು ಮುಂದಕ್ಕೆ ಬಾಗುತ್ತದೆ, ಬೆನ್ನು ಗೂನಾಗುತ್ತದೆ, ಬೆರಳುಗಳು ಸದಾ ಒಳಕ್ಕೇ ಮಡಿಸಿಕೊಳ್ಳುತ್ತವೆ. ಏರುವವರಿಗೆ ಪೆಟ್ಟಾಗುವ ಸ್ಥಳಗಳಲ್ಲಿ ಬೆರಳು, ಮೊಣಕೈ, ಭುಜ ಇವೇ ಮುಖ್ಯ.

ಇನ್ನು ನಮ್ಮ ಸೀಮೆಯ ಕಲ್ಲಿನ ಗುಣವನ್ನು ನೋಡಿ. ನೆಲಮಂಗಲ ತಾಲ್ಲೂಕಿನ ಶಿವಗಂಗೆ, ದೊಡ್ಡಬಳ್ಳಾಪುರದ ಮಾಕಳಿದುರ್ಗ, ೨೦೦೭ರವರೆಗೂ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ರಾಮನಗರ ಮತ್ತು ಸಾವನದುರ್ಗ—ಇವೆಲ್ಲ ಬಹು ಪುರಾತನ ಶಿಲೆಯ ಬೆಟ್ಟಗಳು. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು 'ಕ್ಲೋಸ್‌ಪೇಟೆ ಗ್ರಾನೈಟ್' ಎಂದು ಕರೆಯುವ ಶಿಲೆಗೆ ಸುಮಾರು ೨೫೦ ಕೋಟಿ ವರ್ಷಗಳ ವಯಸ್ಸು. ಬಿಸಿಲು ಮಳೆಗಳಿಗೆ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚಿ, ಇದು ಆನೆಯ ಬೆನ್ನಿನಂತೆ ದುಂಡಗಾಗಿದೆ. ಬಾದಾಮಿಯ ಕೆಂಪು ಮರಳುಗಲ್ಲಿನಲ್ಲಿ ಬೆರಳು ತೂರಿಸಲು ಅಡ್ಡಬಿರುಕುಗಳೂ ಅಂಚುಗಳೂ ಧಾರಾಳವಾಗಿ ಸಿಗುತ್ತವೆ. ನಮ್ಮ ಕಲ್ಲಿನಲ್ಲಿ ಹಾಗಲ್ಲ. ಇಲ್ಲಿ ಪಾದವನ್ನು ಒತ್ತಿ, ಅಂಗೈಯನ್ನು ಕಲ್ಲಿಗೆ ಅಪ್ಪಿಸಿ, ಮೈಯನ್ನು ನೂಕಿಕೊಂಡು ಏರಬೇಕು. ಅಂಚು ಸಿಕ್ಕಾಗ, ಕಲ್ಯಾಣಿಯಲ್ಲಿ ಈಜಿದವನು ದಡದ ಕಲ್ಲಿನ ಮೇಲೆ ಅಂಗೈ ಊರಿ ಮೈಯನ್ನು ಮೇಲಕ್ಕೆತ್ತುವಂತೆ, ಎಳೆತವನ್ನು ನೂಕಾಗಿ ಮಾರ್ಪಡಿಸಬೇಕು. ನಮ್ಮಣ್ಣನಿಗೆ ಬಾರದೆ ಹೋದದ್ದು ಇದೇ.

ಗರಡಿಯಿಂದ ಅರಮನೆಗೆ

ಕೈಗಳ ಮೇಲೆ ನಿಲ್ಲುವುದೇನೂ ನಮಗೆ ಪರದೇಶದಿಂದ ಬಂದ ವಿದ್ಯೆಯಲ್ಲ. ಊರೂರಿನ ಗರಡಿಗಳಲ್ಲಿ ದಂಡ, ಬಸ್ಕಿಗಳ ಜೊತೆಗೆ ಕೈನಡಿಗೆಯೂ ಲಾಗವೂ ಹುಡುಗರ ಆಟವಾಗಿದ್ದುವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಯಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರು ಕಂಬದ ಮೇಲೆ ನಡೆಸುತ್ತಿದ್ದ ಸಾಧನೆಯ ಮಾತು ಬರುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'ಯಲ್ಲಿ ೧೨೨ ಆಸನಗಳ ಚಿತ್ರಗಳಿವೆ. ಹಗ್ಗವನ್ನು ಹಿಡಿದು ಮಾಡುವ ಆಸನಗಳೂ ಅವುಗಳಲ್ಲಿ ಸೇರಿವೆ ಎಂಬುದನ್ನು ನೋಡಿದರೆ, ಏರುವುದಕ್ಕೂ ಆಸನಕ್ಕೂ ಇರುವ ನಂಟು ಹೊಸದಲ್ಲವೆಂದು ತೋರುತ್ತದೆ.

೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ತೆರೆದರು. ಮರುವರ್ಷ ಕನ್ನಡದಲ್ಲಿಯೇ 'ಯೋಗ ಮಕರಂದ'ವನ್ನು ಪ್ರಕಟಿಸಿದರು. ಅವರ ಬಳಿ ಕಲಿತವರಲ್ಲಿ ಒಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ೧೯೧೮ರಲ್ಲಿ ಜನಿಸಿದ ಬಿ. ಕೆ. ಎಸ್. ಅಯ್ಯಂಗಾರ್. ಚಿಕ್ಕಂದಿನಲ್ಲಿ ರೋಗದಿಂದ ಕೃಶವಾಗಿದ್ದ ಈ ಬಾಲಕ ಮುಂದೆ ಲೋಕಪ್ರಸಿದ್ಧ ಯೋಗಾಚಾರ್ಯರಾದರು. ೧೯೬೬ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದ ಅವರ ಮಹಾಗ್ರಂಥದಲ್ಲಿ ಕೈಗಳ ಮೇಲೆ ನಿಲ್ಲುವ ಭಂಗಿಗೆ 'ಅಧೋಮುಖ ವೃಕ್ಷಾಸನ'ವೆಂದು ಹೆಸರಿದೆ—ತಲೆಕೆಳಗಾದ ಮರ! ಬೇರಿನಂತೆ ಬೆರಳುಗಳು ನೆಲವನ್ನು ಹಿಡಿದಿರಬೇಕು; ಕಾಂಡದಂತೆ ಮೈ ನೆಟ್ಟಗಿರಬೇಕು. ಇದಕ್ಕಿಂತ ಒಪ್ಪುವ ಹೆಸರನ್ನು ಕಾಣೆ. ಶೀರ್ಷಾಸನದಲ್ಲಿ ತಲೆಯೂ ಮುಂಗೈಗಳೂ ನೆಲದ ಮೇಲಿರುತ್ತವೆ. ಇಲ್ಲಿ ಇಡೀ ದೇಹದ ಭಾರ ಎರಡು ಅಂಗೈಗಳ ಮೇಲೆಯೇ. ಎರಡನ್ನೂ ಒಂದೆಂದು ತಿಳಿಯಬಾರದು.

ಬೆಂಗಳೂರಿನಲ್ಲಿ ಇದೇ ಕಾಲಕ್ಕೆ ಅಂಗಸಾಧನೆಯ ಮಾತೆತ್ತಿದರೆ ಮೊದಲು ಬರುತ್ತಿದ್ದ ಹೆಸರು ಪ್ರೊಫೆಸರ್ ಕೆ. ವಿ. ಅಯ್ಯರ್ ಅವರದು. ಕಬ್ಬಿಣದ ಗುಂಡನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಸಾಧನೆಯಲ್ಲಿ ಬೆಸೆದು ನಾಡಿನ ತರುಣರಿಗೆ ಮೈಕಟ್ಟಿನ ಹುಚ್ಚು ಹಿಡಿಸಿದವರು ಅವರು. ಅವರೇ 'ಶಾಂತಲಾ' ಕಾದಂಬರಿಯ ಕರ್ತೃಗಳೂ ಹೌದೆಂಬುದು ಓದುಗರಲ್ಲಿ ಹಲವರಿಗೆ ತಿಳಿದಿರಬಹುದು. ವಿಷ್ಣುವರ್ಧನನ ರಾಣಿ ಶಾಂತಲೆ ೧೧೩೧ರಲ್ಲಿ ಶಿವಗಂಗೆಯಲ್ಲಿ ಮುಡಿಪಿದಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಬೆಟ್ಟದ ತುದಿಯಿಂದ ಧುಮುಕಿದಳೆಂಬುದು ಜನರ ಬಾಯಲ್ಲಿರುವ ಕಥೆ. ಆ ತುದಿಯ ಬಸವನನ್ನು ಕಬ್ಬಿಣದ ಸರಳು ಹಿಡಿದು ಸುತ್ತು ಬರುವಾಗ ಎಂಥ ಧೀರನಿಗೂ ಅಂಗಾಲು ಜುಮ್ಮೆನ್ನುತ್ತದೆ. ಎತ್ತರದ ಭಯವೆಂದರೇನೆಂದು ತಿಳಿಯಬೇಕಾದರೆ ಪುಸ್ತಕ ಓದಬೇಕಾಗಿಲ್ಲ. ಶಿವಗಂಗೆಗೆ ಹೋಗಿ ಬಂದರೆ ಸಾಕು.

ಗಣಿತದ ಅಧ್ಯಾಪಕರ ಬಿಳಿಯ ಪುಡಿ

ಅಂಗಸಾಧನೆಯ ಅಖಾಡವನ್ನೂ ಬಂಡೆಯನ್ನೂ ಕೂಡಿಸಿದ ಕೀರ್ತಿ ಅಮೆರಿಕದ ಜಾನ್ ಗಿಲ್ ಎಂಬವರಿಗೆ ಸಲ್ಲಬೇಕು. ೧೯೩೭ರಲ್ಲಿ ಹುಟ್ಟಿದ ಇವರು ವೃತ್ತಿಯಿಂದ ಗಣಿತದ ಅಧ್ಯಾಪಕರು. ೧೯೫೦ರ ದಶಕದಲ್ಲಿ ಕಾಲೇಜಿನಲ್ಲಿ ಉಂಗುರಗಳ ಮೇಲಿನ ಕಸರತ್ತು ಕಲಿಯುವಾಗ, ಕೈ ಬೆವರದಂತೆ ಹಚ್ಚಿಕೊಳ್ಳುತ್ತಿದ್ದ ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿಯ ಪುಡಿಯನ್ನು ಅವರು ಬಂಡೆಗೂ ಒಯ್ದರು. ಇಂದು ಮಾಕಳಿದುರ್ಗದ ಗುಂಡುಗಳ ಮೇಲೆ ಕಾಣುವ ಬಿಳಿಯ ಅಂಗೈ ಗುರುತುಗಳ ಮೂಲ ಅದು. ಪುಡಿಯೊಂದಿಗೆ ಅಖಾಡದ ಶಿಸ್ತೂ ಬಂತು. ಸಣ್ಣ ಗುಂಡನ್ನು ಏರುವುದು ದೊಡ್ಡ ಬೆಟ್ಟದ ತಯಾರಿಯಷ್ಟೇ ಅಲ್ಲ, ತಾನೇ ಒಂದು ಕಲೆ, ಒಂದು ಅಂಗಸಾಧನೆ ಎಂದು ಗಿಲ್ ವಾದಿಸಿದರು. ೧೯೬೯ರಲ್ಲಿ ಅಮೆರಿಕದ ಪರ್ವತಾರೋಹಿಗಳ ಪತ್ರಿಕೆಯಲ್ಲಿ ಆ ಬಗ್ಗೆ ಲೇಖನ ಬರೆದರು. ಅವರು ಬಿತ್ತಿದ ಬೀಜ ಬೆಳೆದು, ೨೦೨೧ರಲ್ಲಿ ಟೋಕಿಯೋದಲ್ಲಿ ನಡೆದ ಒಲಿಂಪಿಕ್ ಕ್ರೀಡೆಗಳಲ್ಲಿ ಏರುವಿಕೆಗೆ ಮೊದಲ ಬಾರಿಗೆ ಸ್ಥಾನ ದೊರೆಯಿತು.

ನಮ್ಮಲ್ಲಿ ಚಿತ್ರದುರ್ಗದ ಕೋಟೆಗೆ ಹೋದವರೆಲ್ಲ ಜ್ಯೋತಿರಾಜರನ್ನು ಬಲ್ಲರು. ಕೋತಿಗಳನ್ನು ನೋಡಿ ನೋಡಿಯೇ ಏರಲು ಕಲಿತ ಇವರಿಗೆ 'ಕೋತಿರಾಜ'ನೆಂದೇ ಹೆಸರು. ಹಗ್ಗವಿಲ್ಲದೆ ಕೋಟೆಯ ಗೋಡೆಯನ್ನೇರಿ, ನಡುವೆ ತಲೆಕೆಳಗಾಗಿ ಜೋತು, ಕೆಳಗೆ ನೆರೆದವರ ಉಸಿರನ್ನು ಹಿಡಿದು ನಿಲ್ಲಿಸುತ್ತಾರೆ. ನೋಡಿ ಮೆಚ್ಚತಕ್ಕದ್ದೇ ಹೊರತು ಮನೆಯ ಮಕ್ಕಳು ಅನುಕರಿಸತಕ್ಕದ್ದಲ್ಲ. ಆದರೆ ಒಂದನ್ನು ಗಮನಿಸಬಹುದು: ಮೈ ತಿರುಗುಮುರುಗಾದಾಗ ಅವರ ಬುದ್ಧಿ ತಿರುಗುಮುರುಗಾಗುವುದಿಲ್ಲ.

ಇದರಿಂದ ಬರುವ ಲಾಭವೇನು?

ಮೊದಲನೆಯದು, ಹೆಗಲಿನ ಸಮತೋಲ. ಕೈಗಳ ಮೇಲೆ ನಿಂತವನು ನೆಲವನ್ನು ನೂಕುತ್ತ ಭುಜಗಳನ್ನು ಕಿವಿಯತ್ತ ಏರಿಸಬೇಕು. ಆಗ ಹೆಗಲ ಹಲಗೆ ಪಕ್ಕೆಲುಬುಗಳ ಮೇಲೆ ಸರಿದು ಸರಿಯಾದ ಸ್ಥಾನಕ್ಕೆ ತಿರುಗುತ್ತದೆ. ಸೋಮಾರಿಯಾಗಿದ್ದ ಗರಗಸದ ಸ್ನಾಯು ಎಚ್ಚೆತ್ತುಕೊಳ್ಳುತ್ತದೆ. ತಲೆಯ ಮೇಲೆ ಕೈಯೆತ್ತಿ ಭಾರ ತಾಳುವುದನ್ನು ಭುಜ ಕಲಿಯುತ್ತದೆ.

ಎರಡನೆಯದು, ಮಣಿಕಟ್ಟು. ಏರುವವನ ಮಣಿಕಟ್ಟೂ ಬೆರಳೂ ಸದಾ ಒಳಮುಖ. ಇಲ್ಲಿ ಅಂಗೈ ಅಗಲವಾಗಿ ಬಿಚ್ಚಿ, ಮಣಿಕಟ್ಟು ಹಿಂದಕ್ಕೆ ಬಾಗಿ ಭಾರ ಹೊರುತ್ತದೆ. ನುಣುಪು ಬಂಡೆಗೆ ಅಂಗೈ ಊರುವಾಗ ಬೇಕಾದ ಬಾಗು ಇದೇ. ಅಂಚಿನ ಮೇಲೆ ಅಂಗೈ ಊರಿ ಏಳುವಾಗ ನೂಕು ಕೆಳಮುಖವಾಗಿರುತ್ತದೆ, ಕೈನಿಲುವಿನಲ್ಲಿ ತಲೆಯ ಮೇಲ್ಮುಖವಾಗಿರುತ್ತದೆ ಎಂಬ ವ್ಯತ್ಯಾಸವೇನೋ ಉಂಟು. ಆದರೂ ಮೊಣಕೈಯನ್ನು ನೆಟ್ಟಗೆ ಬಿಗಿದು ಇಡೀ ಮೈಯ ಭಾರವನ್ನು ಮಣಿಕಟ್ಟಿನ ಮೇಲೆ ತಾಳುವ ಪಾಠ ಎರಡಕ್ಕೂ ಒಂದೇ.

ಮೂರನೆಯದು, ಮೈಯ ಬಿಗಿ. ಮುಂದಕ್ಕೆ ಬಾಗಿದ ಬಂಡೆಯ ಅಡಿಯಲ್ಲಿ ನೇತಾಡುವಾಗ ಸೊಂಟ ಸಡಿಲವಾದರೆ ಕಾಲು ಕಲ್ಲನ್ನು ಬಿಟ್ಟುಬಿಡುತ್ತದೆ. ಆಗ ಎಲ್ಲ ಭಾರವೂ ಬೆರಳುಗಳ ಪಾಲಿಗೆ. ತಲೆಕೆಳಗಾಗಿ ನಿಂತಾಗಲೂ ಹಾಗೆಯೇ: ಹೊಟ್ಟೆ, ಸೊಂಟ, ತೊಡೆಗಳು ಒಂದೇ ಗಳುವಿನಂತೆ ಸೆಟೆದಿಲ್ಲದಿದ್ದರೆ ಮೈ ಬಾಳೆಕಾಯಿಯಂತೆ ಬಾಗಿ ಉರುಳುತ್ತದೆ. ತಪ್ಪು ಮಾಡಿದವನಿಗೆ ಮರುಕ್ಷಣವೇ ತಿಳಿಯುತ್ತದೆ, ಗುರು ಗದರಿಸಬೇಕಾಗಿಲ್ಲ.

ನಾಲ್ಕನೆಯದು, ತೂಕದ ತಿಳಿವು. ಮಣಿಕಟ್ಟಿನಿಂದ ಬೆರಳ ತುದಿಗೆ ಒಂದು ಗೇಣಿಗೂ ಕಡಿಮೆ. ಅಷ್ಟರ ಮೇಲೆ ಆಳೆತ್ತರದ ಮೈ ನಿಲ್ಲಬೇಕು. ಮೈ ಬೆನ್ನಿನ ಕಡೆಗೆ ವಾಲಿದರೆ ಬೆರಳುಗಳಿಂದ ನೆಲವನ್ನು ಒತ್ತಬೇಕು. ಹೊಟ್ಟೆಯ ಕಡೆಗೆ ಮರಳಿದರೆ ಭಾರವನ್ನು ಅಂಗೈಯ ಹಿಮ್ಮಡಿಗೆ ಬಿಡಬೇಕು. ನಾವು ನಿಂತಿರುವಾಗ ಪಾದ ಈ ಕೆಲಸವನ್ನು ತಾನಾಗಿ ಮಾಡುತ್ತಿರುತ್ತದೆ. ಇಲ್ಲಿ ಅದನ್ನು ಕೈಗೆ ಕಲಿಸಬೇಕು. ತನ್ನ ತೂಕ ಈ ಕ್ಷಣದಲ್ಲಿ ಎಲ್ಲಿದೆ ಎಂಬುದನ್ನು ಕಣ್ಣಿನಿಂದ ನೋಡದೆ ಅರಿಯುವವನಿಗೆ ಬಂಡೆಯ ಮೇಲೆ ಹೆಜ್ಜೆ ತಪ್ಪುವುದು ಕಡಿಮೆ.

ಐದನೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು, ಭಯದೊಡನೆ ಪರಿಚಯ. ಮೊದಲ ದಿನ ಕಾಲೆತ್ತಿದಾಗ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ತಿಂಗಳು ಕಳೆದ ಮೇಲೆ ಅದೇ ಸ್ಥಿತಿಯಲ್ಲಿ ನಿಧಾನವಾಗಿ ಉಸಿರಾಡುವುದು ಸಾಧ್ಯವಾಗುತ್ತದೆ. ಇದರ ಜೊತೆಗೆ ಬೀಳುವುದನ್ನೂ ಕಲಿಯಬೇಕಾಗುತ್ತದೆ. ಚೆನ್ನಾಗಿ ಬೀಳಲು ಬಾರದವನಿಗೆ ಚೆನ್ನಾಗಿ ನಿಲ್ಲಲೂ ಬಾರದು.

ಕಲಿಯುವ ಕ್ರಮ

ನಮ್ಮ ಮನೆಯ ಹುಡುಗ ಕಲಿತ ಕ್ರಮವನ್ನೇ ಇಲ್ಲಿ ಹೇಳುತ್ತೇನೆ. ಮೊದಲು ಐದು ನಿಮಿಷ ಮಣಿಕಟ್ಟುಗಳ ಸಿದ್ಧತೆ: ಮಂಡಿಯೂರಿ, ಅಂಗೈಗಳನ್ನು ನೆಲದ ಮೇಲಿಟ್ಟು, ಭಾರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ತೂಗುವುದು. ಆಮೇಲೆ ದಂಡದ ಮೊದಲ ಭಂಗಿಯಲ್ಲಿ ಕೈ ನೆಟ್ಟಗಿಟ್ಟು ಅರ್ಧ ನಿಮಿಷ ನಿಲ್ಲುವುದು. ಬಳಿಕ ಸೊಂಟವನ್ನೆತ್ತಿ ಅಧೋಮುಖ ಶ್ವಾನಾಸನ.

ಎರಡನೆಯ ಹಂತದಲ್ಲಿ ಗೋಡೆಗೆ ಬೆನ್ನು ಮಾಡಿ ಅಂಗೈಗಳನ್ನು ನೆಲಕ್ಕೂರಿ, ಪಾದಗಳನ್ನು ಗೋಡೆಯ ಮೇಲೆ ಸೊಂಟದ ಎತ್ತರಕ್ಕೆ ಏರಿಸಿ, ಮೈಯನ್ನು ಬಡಗಿಯ ಮೂಲೆಮಟ್ಟದಂತೆ ಮಾಡುವುದು. ಇದು ಹಗುರವಾದ ಮೇಲೆ ಪಾದಗಳನ್ನು ಇನ್ನೂ ಮೇಲಕ್ಕೆ ನಡೆಯಿಸಿ, ಕೈಗಳನ್ನು ಗೋಡೆಯತ್ತ ಸರಿಸಿ, ಎದೆ ಗೋಡೆಯ ಕಡೆಗಿರುವಂತೆ ನಿಲ್ಲುವುದು. ಹತ್ತು ಸೆಕೆಂಡು ಸಾಕು. ವಾರಗಳು ಕಳೆದಂತೆ ಅರ್ಧ ನಿಮಿಷಕ್ಕೆ ಏರಿಸಬಹುದು. ಬೆರಳುಗಳು ಅಗಲವಾಗಿ ಹರಡಿರಲಿ, ಮೊಣಕೈ ಮಡಿಸದಿರಲಿ, ಭುಜ ಕುಸಿಯದಿರಲಿ, ದೃಷ್ಟಿ ಎರಡು ಕೈಗಳ ನಡುವೆ ಇರಲಿ. ಶಕ್ತಿಯೆಲ್ಲ ಮುಗಿಯುವವರೆಗೆ ನಿಲ್ಲಬಾರದು. ನಡೆದು ಇಳಿಯುವಷ್ಟು ಬಲ ಉಳಿದಿರಬೇಕು.

ಗೋಡೆಯನ್ನು ಬಿಡುವ ಮೊದಲು ಇಳಿಯುವ ಉಪಾಯ ಕೈವಶವಾಗಿರಬೇಕು. ಮೈ ಬೆನ್ನಿನ ಕಡೆಗೆ ಉರುಳಿದಾಗ ಗಾಬರಿಯಿಂದ ಮೊಣಕೈ ಮಡಿಸಕೂಡದು. ಒಂದು ಅಂಗೈಯನ್ನು ಎತ್ತಿ ಮುಂದಿಟ್ಟು, ಮೈಯನ್ನು ಪಕ್ಕಕ್ಕೆ ತಿರುಗಿಸಿ, ಮಕ್ಕಳು ಬಂಡಿಚಕ್ರದಂತೆ ಉರುಳುವ ಹಾಗೆ ಒಂದೊಂದೇ ಕಾಲನ್ನು ಇಳಿಸಬೇಕು. ಇದನ್ನು ಹುಲ್ಲಿನ ಮೇಲೋ ದಪ್ಪ ಜಮಖಾನದ ಮೇಲೋ ನೂರು ಸಲ ಮಾಡಿದ ಮೇಲೆಯೇ ನಡುಹಜಾರದಲ್ಲಿ ಕಾಲೆತ್ತಬೇಕು. ವಾರಕ್ಕೆ ಮೂರು ದಿನ, ದಿನಕ್ಕೆ ಹತ್ತು ಹದಿನೈದು ನಿಮಿಷ ಸಾಕು. ಬಂಡೆ ಏರಿ ತೋಳು ಸೋತ ಮೇಲೆ ಮಾಡುವುದಕ್ಕಿಂತ, ಮೈ ಹೊಸದಾಗಿರುವಾಗ ಮಾಡುವುದು ಲೇಸು. ಬಲ್ಲವರೊಬ್ಬರು ಪಕ್ಕದಲ್ಲಿ ನಿಂತು ಕಲಿಸಿದರೆ ಎಲ್ಲಕ್ಕಿಂತ ಲೇಸು.

ಎಚ್ಚರದ ಮಾತು

ರಕ್ತದ ಒತ್ತಡ ಹೆಚ್ಚಾಗಿರುವವರು ಇದಕ್ಕೆ ಕೈ ಹಾಕಬಾರದು. ತಲೆಕೆಳಗಾದಾಗ ಕಣ್ಣಿನೊಳಗಿನ ಒತ್ತಡವೂ ಏರುವುದರಿಂದ, ಗ್ಲಾಕೋಮ ಮುಂತಾದ ಕಣ್ಣಿನ ತೊಂದರೆಯುಳ್ಳವರಿಗೂ ಇದು ಸಲ್ಲದು. ತಲೆ ಸುತ್ತುವವರು, ಮಣಿಕಟ್ಟು ಅಥವಾ ಭುಜದಲ್ಲಿ ನೋವಿರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು. ನಮ್ಮ ಹುಡುಗ ಸಹ ಭುಜದ ನೋವು ಪೂರ್ತಿ ಇಳಿದ ಮೇಲೆ, ವೈದ್ಯರ ಒಪ್ಪಿಗೆ ಪಡೆದು ಆರಂಭಿಸಿದ.

ಈ ಸಾಧನೆಗೆ ಇಲ್ಲದ ಮಹಿಮೆಯನ್ನೂ ಹೊರಿಸಬಾರದು. ಕಿರುಅಂಚನ್ನು ಹಿಡಿಯುವ ಬೆರಳಿನ ಶಕ್ತಿ ಇದರಿಂದ ಬರುವುದಿಲ್ಲ. ಕಾಲು ಇಡುವ ಜಾಣ್ಮೆ ಬರುವುದಿಲ್ಲ. ಅವು ಏರಿಯೇ ಬರಬೇಕು. ಗಂಟೆಗಟ್ಟಲೆ ತಲೆಕೆಳಗಾಗಿ ನಿಲ್ಲಬಲ್ಲವನು ಬಂಡೆಯ ಮೇಲೆ ಗಂಡಾಗುತ್ತಾನೆಂಬ ಭರವಸೆಯೇನೂ ಇಲ್ಲ. ಇದು ಊಟದಲ್ಲಿ ಉಪ್ಪಿನಕಾಯಿಯಿದ್ದಂತೆ. ಅನ್ನದ ಬದಲಿಗೆ ಬಡಿಸಲಾಗದು. ಹಗ್ಗ, ತಲೆಗವಸು, ಕೆಳಗೆ ಹಗ್ಗ ಹಿಡಿದು ಕಾಯುವ ನಂಬಿಕೆಯ ಸಂಗಾತಿ—ಇವುಗಳ ಬದಲಿಗಂತೂ ಯಾವ ಆಸನವೂ ಆಗದು.

ಮತ್ತೆ ಮಾಕಳಿಯ ಬುಡದಲ್ಲಿ

ಹುಡುಗ ನಮ್ಮ ದೊಡ್ಡಬಳ್ಳಾಪುರದ ಮನೆಯ ಹಜಾರದಲ್ಲಿ ಮೊದಲ ಸಲ ಗೋಡೆಗೆ ಕಾಲು ಹಚ್ಚಿ ನಿಂತಾಗ ನಮ್ಮ ತಾಯಿ ಅಡುಗೆಮನೆಯಿಂದ ಓಡಿ ಬಂದಿದ್ದರು.

"ಏನಪ್ಪಾ ಇದು ಅವತಾರ! ದೇವರು ಕಾಲು ಕೊಟ್ಟಿರೋದು ಯಾತಕ್ಕೆ?"

"ಕೈಗೂ ಸ್ವಲ್ಪ ನಿಲ್ಲೋದು ಕಲಿಸ್ತಿದೀನಿ ಅಜ್ಜೀ" ಎಂದು ಕೆಳಗಿನಿಂದ ಉತ್ತರ ಬಂತು.

ಕಾಲಿನ ಗುರುತು ಗೋಡೆಯ ಸುಣ್ಣದ ಮೇಲೆ ಇಂದಿಗೂ ಇದೆ. ಎಂಟು ತಿಂಗಳಲ್ಲಿ ಹೆಗಲು ನೆಟ್ಟಗಾಯಿತು. ಅಟ್ಟದ ಡಬ್ಬಿಗಳನ್ನು ಇಳಿಸಿಕೊಡುವ ಕೆಲಸ ಮತ್ತೆ ಅವನ ಪಾಲಿಗೆ ಬಂತು. ಆಮೇಲೆ ನಮ್ಮ ತಾಯಿ ಆ ಗುರುತನ್ನು ಒರೆಸಲು ಯಾರಿಗೂ ಹೇಳಲಿಲ್ಲ.

ಆ ಭಾನುವಾರ ಮಾಕಳಿದುರ್ಗಕ್ಕೆ ನನ್ನೊಡನೆ ನಮ್ಮಣ್ಣನೂ ಬಂದಿದ್ದ. ಐವತ್ತು ವರ್ಷಗಳಿಂದ ಬಂಡೆಯ ಹತ್ತಿರ ಸುಳಿಯದವನು ತಾನಾಗಿಯೇ ಕೇಳಿ ಹೊರಟಿದ್ದ. ಒಂದು ಮರದ ನೆರಳಲ್ಲಿ ಕುಳಿತು ಮಾತಿಲ್ಲದೆ ನೋಡುತ್ತಿದ್ದ. ತಲೆಕೆಳಗಿನ ಆಟ ಮುಗಿಸಿ ಹುಡುಗರು ಗುಂಡನ್ನು ಏರತೊಡಗಿದರು. ಕೆಳಗೆ ದಪ್ಪ ಹಾಸಿಗೆ ಹಾಸಿ, ಇಬ್ಬರು ಕೈಚಾಚಿ ಕಾಯುತ್ತಿದ್ದರು. ನಮ್ಮವನ ಸರದಿ ಬಂತು. ಒಂದೂವರೆ ಆಳೆತ್ತರದಲ್ಲಿ ಮೇಲಂಚು ಎರಡು ಕೈಗಳಿಗೂ ಸಿಕ್ಕಿತು. ಎದೆಯವರೆಗೂ ತನ್ನನ್ನು ಎಳೆದುಕೊಂಡ. ಒಂದು ಕ್ಷಣ ನಿಂತ. ಅಣ್ಣನ ಎಡಗೈ ನನ್ನ ಮಂಡಿಯನ್ನು ಬಿಗಿಯಾಗಿ ಹಿಡಿಯಿತು.

ಮೇಲೆ ಹುಡುಗ ಬಲ ಅಂಗೈಯನ್ನು ಕಲ್ಲಿನ ಮೇಲೆ ಅಪ್ಪಟವಾಗಿ ಊರಿ, ಬೆರಳುಗಳನ್ನು ಒಳಕ್ಕೆ ತಿರುಗಿಸಿ, ಮೊಣಕೈಯನ್ನು ಮೇಲೆತ್ತಿದ. ಎಡಗೈಯೂ ಹಾಗೆಯೇ ತಿರುಗಿತು. ನಿಧಾನವಾಗಿ ತೋಳುಗಳು ನೆಟ್ಟಗಾದವು. ಸೊಂಟ ಅಂಚಿನ ಮೇಲಕ್ಕೆ ಬಂತು. ಪಾದವನ್ನು ಅಂಗೈಯ ಪಕ್ಕದಲ್ಲಿಟ್ಟು ಎದ್ದು ನಿಂತ. ಎಲ್ಲ ಸೇರಿ ಐದಾರು ಸೆಕೆಂಡಿನ ಕೆಲಸ.

ಕುರಿಯ ಮುದುಕರು "ಸರಿ ಬುಡಿ" ಎಂದು ಕೋಲೆತ್ತಿಕೊಂಡು ಹೊರಟರು.

ಹುಡುಗ ಹಿಂದಿನ ಕಡೆಯಿಂದ ಇಳಿದು ನಮ್ಮ ಬಳಿ ಬಂದಾಗ ಅಣ್ಣ ಅವನನ್ನು ಹೊಗಳಲಿಲ್ಲ, ಬಯ್ಯಲೂ ಇಲ್ಲ. ಎದುರಿಗಿದ್ದ ಮೋಟು ಕಲ್ಲಿನ ಮೇಲೆ ತನ್ನ ಸೊಟ್ಟ ಕೈಯನ್ನಿಟ್ಟು, "ಅಂಗೈಯನ್ನು ಹೀಗೆ ತಿರುಗಿಸಬೇಕಾಗಿತ್ತೇನೋ?" ಎಂದು ಕೇಳಿದ.

"ಹೌದು ದೊಡ್ಡಮಾವ. ಬೆರಳು ಇನ್ನು ಸ್ವಲ್ಪ ಒಳಕ್ಕೆ" ಎಂದು ಹುಡುಗ ಆ ಕೈಯನ್ನು ಮೆಲ್ಲಗೆ ತಿರುಗಿಸಿ ಸರಿಪಡಿಸಿದ.

ಅಣ್ಣ ಬಹಳ ಹೊತ್ತು ಆ ಕೈಯನ್ನು ನೋಡುತ್ತ ಕುಳಿತಿದ್ದ. ಆಮೇಲೆ, "ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ" ಎಂದ.

ಮಕ್ಕಳು ಬಂಡೆ ಏರುತ್ತೇವೆಂದಾಗ ಬೇಡವೆನ್ನುವುದು ಹಿರಿಯರಿಗೆ ಸುಲಭ. ಗುಡ್ಡಗಳು ಮನೆಯ ಹಿಂದೆಯೇ ಇರುವ ಈ ಸೀಮೆಯಲ್ಲಿ ಮಕ್ಕಳು ಏರದೆ ಬಿಡುವುದಿಲ್ಲ. ನಾವು ನೋಡುವಾಗ ಏರದಿದ್ದರೆ ನೋಡದಿರುವಾಗ ಏರುತ್ತಾರೆ. ಹೇಗೂ ಏರುವವರಿಗೆ ನಿಲ್ಲುವುದನ್ನೂ, ನೂಕುವುದನ್ನೂ, ಬೀಳುವುದನ್ನೂ ಮೊದಲು ನೆಲದ ಮೇಲೆಯೇ ಕಲಿಸಿ ಕಳುಹಿಸುವುದು ಮೇಲಲ್ಲವೆ?